ಪರಪ್ಪ ಮಾಸ್ತರ ಕಿವಿಯೂ ಫ್ರಿಜ್ಜಿನ ನೀರೂ

ಮಾರ್ಚ್ ತಿಂಗಳ ಒಂದು ರವಿವಾರ ಮುಂಜಾನೆ ಮನಗೂಳಿಯ ಪರಪ್ಪ ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟು, ತಮ್ಮ ಕಿವಿಯನ್ನು ತಾವೇ ರಿಪೇರಿ ಮಾಡಿಕೊಳ್ಳುವುದಾಗಿ ಹೆಂಡತಿ ಸುನಂದಾಳ ಮುಂದೆ ಸಾರಿದರು.

ಹಾಗೆ ಸಾರುವ ಅಧಿಕಾರ ಅವರಿಗಿತ್ತು. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮನುಷ್ಯ. ವರ್ಷಕ್ಕೊಮ್ಮೆ ಕಿವಿಯ ಪಾಠ ಬಂದಾಗ ಪುಸ್ತಕ ಮುಟ್ಟದೆ, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಚಿತ್ರ ಬರೆಯುತ್ತಿದ್ದರು. ಹೊರಗಿವಿ, ಅದರಿಂದ ಒಳಗೆ ಹೋಗುವ ಸುರಂಗ, ಸುರಂಗದ ಕೊನೆಗೆ ತಮಟೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬು. ಅದರಾಚೆ ಶಂಖದ ಹಾಗೆ ಸುತ್ತಿಕೊಂಡ ಸುರುಳಿ, ಸುರುಳಿಯ ಮೇಲೆ ಮೂರು ಬಳೆ ಸಿಕ್ಕಿಸಿದಂತೆ ಅರ್ಧವೃತ್ತದ ನಾಳಗಳು. ರಿಕಾಪು ಅಂದರೆ ಕುದುರೆ ಏರುವವನು ಕಾಲಿಡುವ ಬಳೆ, ಮೈಯಲ್ಲಿರುವ ಎಲುಬುಗಳಲ್ಲೆಲ್ಲ ಅದೇ ಸಣ್ಣದು, ಅಕ್ಕಿಕಾಳಿಗಿಂತ ಸಣ್ಣದು ಎಂದು ಹೇಳುವಾಗ ಆ ಎಲುಬನ್ನು ತಾವೇ ಮಾಡಿಟ್ಟವರ ಹಾಗೆ ಎದೆ ಉಬ್ಬುತ್ತಿತ್ತು. ಅಂಥವರ ಕಿವಿಯೊಳಗೆ ಇನ್ನೊಬ್ಬರು ಬ್ಯಾಟರಿ ಹಿಡಿದು ಇಣುಕುವುದೆಂದರೆ ಮರ್ಯಾದೆಯ ಪ್ರಶ್ನೆ.

ಕಿವಿಯಲ್ಲಿ ಗುಗ್ಗೆ ಕಟ್ಟಿದ್ದು ಸಂಕ್ರಮಣದ ಹೊತ್ತಿಗೆ. ಮೊದಲು ಎಡಗಿವಿ, ವಾರದೊಳಗೆ ಬಲಗಿವಿ. ಕಿವಿಗೆ ಅರಳೆ ತುರುಕಿ ಊರ ಹೊರಗೆ ಕೂರಿಸಿದ ಹಾಗೆ ಎಲ್ಲರ ಮಾತೂ ದೂರದಿಂದ ಬರತೊಡಗಿತು. ಮಾಸ್ತರರು ಅದನ್ನು ಯಾರಿಗೂ ಹೇಳಲಿಲ್ಲ. ಎದುರಿನವರ ಬಾಯಿ ನಿಂತ ಕೂಡಲೇ "ಹೂಂ" ಅನ್ನುವುದನ್ನು ರೂಢಿ ಮಾಡಿಕೊಂಡರು. ಈ ಹೂಂ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಭಾವನವರ ಸಿಟ್ಟು ಈಚೆಗೆ ಇಳಿದಿದೆ ಎಂದು ಚಡಚಣದಿಂದ ಸುನಂದಾಳ ಅಣ್ಣ ಫೋನು ಮಾಡಿ ಹೊಗಳಿದ. ಆ ಹೊಗಳಿಕೆಗೂ ಮಾಸ್ತರರು ಹೂಂ ಅಂದರು.

ಸಾಲೆಯಲ್ಲಿ ಮಾತ್ರ ಅದು ಎಡವಿತು. ಶನಿವಾರದ ತಮ್ಮ ಪೀರಿಯಡ್ಡನ್ನು ಅವರು ಒಂದು ಹೂಂನಲ್ಲಿ ಹಿಂದಿ ಮಾಸ್ತರ ಧರ್ಮರಾಜನಿಗೂ, ಇನ್ನೊಂದು ಹೂಂನಲ್ಲಿ ಡ್ರಿಲ್ ಮಾಸ್ತರರಿಗೂ ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟದ್ದು ಗೊತ್ತಿಲ್ಲದೆ ತಾವೂ ಸುಣ್ಣದ ಕಡ್ಡಿ ಹಿಡಿದು ಹೋದರು. ಒಂದೇ ವರ್ಗದಲ್ಲಿ ಮೂವರು ಮಾಸ್ತರರು ನಿಂತದ್ದನ್ನು ನೋಡಿ, ಇನ್ಸ್‌ಪೆಕ್ಟರು ಬಂದಿರಬೇಕೆಂದು ಹುಡುಗರು ಎದ್ದು ನಿಂತರು. ಹೊರಗೆ ಬಂದಮೇಲೆ ಧರ್ಮರಾಜ ಅವರ ಕಿವಿಯ ಹತ್ತಿರ ಬಂದು, ಬಾಗೇವಾಡಿಯಲ್ಲಿ ಔಷಧ ಅಂಗಡಿಯ ಮಾಳಿಗೆಯ ಮೇಲೆ ಪ್ರತಿ ರವಿವಾರ ಕಿವಿಯ ಡಾಕ್ಟರು ಕೂರುತ್ತಾರೆ, ಹೋಗಿ ಬರ್ರಿ ಎಂದು ಕೂಗಿದ. ಆ ಕೂಗು ಮಾಸ್ತರರಿಗೆ ಕೇಳಿಸಿತು. ಸಾಲೆಗೆಲ್ಲ ಕೇಳಿಸಿತು. ಮರುದಿನವೇ ಸ್ವಂತ ರಿಪೇರಿಯ ಘೋಷಣೆಯಾದದ್ದು ಅದಕ್ಕೆ.

ಸಾಮಾನು ಮನೆಯಲ್ಲೇ ಇತ್ತು. ಎಮ್ಮೆಯ ಕರುವಿಗೆ ಔಷಧ ಕುಡಿಸಲು ತಂದ ದೊಡ್ಡ ಸಿರಿಂಜು, ಸೂಜಿ ಇಲ್ಲದ್ದು. ಅದನ್ನು ಕುದಿಯುವ ನೀರಿನಲ್ಲಿ ಎರಡು ಸಲ ತೊಳೆದರು. ಇನ್ನು ನೀರು. ನಲ್ಲಿಯ ನೀರು ಸವಳು, ಕಿವಿಯಂಥ ನಾಜೂಕು ಜಾಗಕ್ಕೆ ಸಲ್ಲದು ಎಂದು ಫಿಲ್ಟರಿನ ನೀರೇ ಬೇಕೆಂದರು. ಫಿಲ್ಟರಿನ ನೀರು ಬಾಟಲಿ ತುಂಬಿ ಫ್ರಿಜ್ಜಿನಲ್ಲಿತ್ತು. ಬಾಟಲಿಯನ್ನು ತೆಗೆದುಕೊಂಡು ಹೋಗಿ ಬಚ್ಚಲಿನ ಕಲ್ಲಿನ ಮೇಲೆ ಕೂತರು. ಸುನಂದಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಡಾಕ್ಟರ ಕಡೆ ಹೋಗುವುದು ಚಲೋ ಎಂದು ಅಲ್ಲಿಂದಲೇ ಒಂದು ಮಾತು ಹೇಳಿದಳು. ಮಾಸ್ತರರು ಹೂಂ ಅಂದು, ತಲೆಯನ್ನು ಗೋಡೆಗೆ ಒರಗಿಸಿ, ಎಡಗಿವಿಗೆ ಸಿರಿಂಜು ಹಿಡಿದು ಒತ್ತಿದರು.

ಮೊದಲನೆಯ ಸಿರಿಂಜಿಗೆ ಹಲ್ಲು ಜುಮ್ಮೆಂದವು. ಎರಡನೆಯದಕ್ಕೆ ಕಿವಿಯೊಳಗೆ ಏನೋ ಊದಿಕೊಂಡು, ಇದ್ದಷ್ಟು ಸಪ್ಪಳವೂ ನಿಂತುಹೋಯಿತು. ಇನ್ನೇನು ಬಂತು, ಇನ್ನೊಂದು ಏಟಿಗೆ ಹೊರಗೆ ಬೀಳುತ್ತದೆ ಎಂದು ಮೂರನೆಯದನ್ನು ಜೋರಾಗಿಯೇ ಬಿಟ್ಟರು.

ಬಚ್ಚಲಿನ ಗೋಡೆ ಹೊರಟಿತು. ಎಡದಿಂದ ಬಲಕ್ಕೆ, ಬಸ್ಸು ಬಿಟ್ಟ ಹಾಗೆ ಮೆಲ್ಲಗೆ ಹೊರಟು ವೇಗ ಹಿಡಿಯಿತು. ಗೋಡೆಯ ಹಿಂದೆ ಕಿಟಕಿ ಹೋಯಿತು, ಕಿಟಕಿಯ ಹಿಂದೆ ಹಂಡೆ ಹೋಯಿತು, ಒಂದು ಸುತ್ತು ಹಾಕಿ ಮತ್ತೆ ಅದೇ ಗೋಡೆ ಬಂತು. ಹಿಡಿದುಕೊಳ್ಳಲು ನಲ್ಲಿಗೆ ಕೈ ಹಾಕಿದರು, ನಲ್ಲಿ ತಿರುಗಿ ನೀರು ಸುರಿಯಿತು. ಮೇಲಿನ ಹಗ್ಗ ಹಿಡಿದರು, ಹಗ್ಗ ಹರಿದು ಅದರ ಮೇಲಿದ್ದ ಎರಡು ಸೀರೆ, ಒಂದು ಚಾದರ ಅವರ ತಲೆಯ ಮೇಲೆ ಬಿದ್ದವು. ಬಕೀಟು ಉರುಳಿತು. ಅದರ ಬೆನ್ನಿಗೆ ಮಾಸ್ತರರೂ ಉರುಳಿದರು.

ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಬರೆದ ಮೂರು ಬಳೆಗಳಲ್ಲಿ ಒಂದೂ ಆಗ ನೆನಪಿಗೆ ಬರಲಿಲ್ಲ. ಲಕ್ವಾ ಹೊಡೆಯಿತು, ಇಷ್ಟೇ ಆಯುಷ್ಯ ಎಂದು ಅವರು ಖಾತ್ರಿ ಮಾಡಿಕೊಂಡರು. ಹಿಟ್ಟಿನ ಕೈಯಲ್ಲೇ ಓಡಿಬಂದ ಸುನಂದಾ ಚಾದರ ಎತ್ತಿ ನೋಡಿದಾಗ ಗಂಡನ ಕಣ್ಣಿನ ಗೊಂಬೆಗಳು ತಟತಟ ಅತ್ತಿತ್ತ ಓಡುತ್ತಿದ್ದವು. ಆಕೆ ಏನೋ ಕೇಳಿದಳು. ಮಾಸ್ತರರಿಗೆ ತುಟಿ ಮಾತ್ರ ಕಂಡವು, ಅವೂ ಒಂದು ಕಡೆ ನಿಲ್ಲದೆ ಸಾಗುತ್ತಿದ್ದವು. ಹೋಗುವ ಮನುಷ್ಯ ಭಾರ ಹೊತ್ತು ಹೋಗಬಾರದೆಂದು ಅವರು ಆಕೆಯ ಕೈ ಹಿಡಿದರು.

"ಸುನಂದಾ, ನಾ ಹೊಂಟೆ. ಒಂದ ಮಾತು ಹೇಳೇ ಹೋಗತೇನಿ. ಸಂಕ್ರಮಣದಿಂದ ಈಚೆಗೆ ನೀ ಹೇಳಿದ್ದು ಒಂದೂ ನನಗ ಕೇಳಿಲ್ಲ. ಸುಮ್ನ ಹೂಂ ಅಂದೇನಿ."

ಇಷ್ಟು ಹೇಳಿ ಕಣ್ಣು ಮುಚ್ಚಿ ಸಾವಿಗೆ ಕಾದರು. ಎರಡು ಮೂರು ನಿಮಿಷ ಕಾದಿರಬೇಕು. ತಲೆ ತಿರುಗುವುದು ನಿಧಾನವಾಯಿತು, ಆಮೇಲೆ ನಿಂತಿತು. ಕಣ್ಣು ತೆರೆದಾಗ ಗೋಡೆ ಗೋಡೆಯ ಜಾಗದಲ್ಲಿತ್ತು, ಹಂಡೆ ಒಲೆಯ ಮೇಲಿತ್ತು, ಕೈಕಾಲು ನಾಲ್ಕೂ ಆಡುತ್ತಿದ್ದವು. ಲಕ್ವಾ ಇರಲಿಲ್ಲ, ಸಾವೂ ಇರಲಿಲ್ಲ. ಆಡಿದ ಮಾತೊಂದು ಮಾತ್ರ ಹೊರಗೆ ಬಂದು ಕೂತಿತ್ತು.

ಸುನಂದಾ ನಲ್ಲಿ ಬಂದ್ ಮಾಡಿ, ಅವರ ಎದುರಿಗೆ ಕಲ್ಲಿನ ಮೇಲೆ ಕೂತಳು. ಆಮೇಲೆ ಬಲಗಿವಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಕೇಳಿದಳು. "ಶಿವರಾತ್ರಿ ಹಿಂದಿನ ದಿನ ಹೇಳಿದ್ದೂ ಕೇಳಿಲ್ಲೇನ್ರಿ?"

"ಏನ್ ಹೇಳಿದ್ದಿ?"

"ಹೊಟ್ಟ್ಯಾಗ ಗಂಟ ಇರಬಹುದು, ಸ್ಕ್ಯಾನ್ ಮಾಡಸ್ರಿ ಅಂತ ಡಾಕ್ಟರ ಹೇಳ್ಯಾರ ಅಂದಿದ್ದೆ. ನೀವು ಉಣ್ಣಾಕ ಕುಂತಿದ್ರಿ."

ಗೋಡೆ ಹೊರಟಾಗಿನದಕ್ಕಿಂತ ದೊಡ್ಡ ಹೆದರಿಕೆ ಈಗ ಮಾಸ್ತರರನ್ನು ಹಿಡಿಯಿತು. "ನಾ ಏನಂದೆ?"

"ಹೂಂ ಅಂದ್ರಿ. ಆಮ್ಯಾಲೆ ಶೇಂಗಾ ಚಟ್ನಿ ನೀಡು ಅಂದ್ರಿ."

ಮಾಸ್ತರರು ಆಕೆಯ ಮುಖ ನೋಡಿದರು. ಆಕೆ ಕೈಯಾಡಿಸಿ ಏನೂ ಇಲ್ಲ ಎಂದಳು. ಬಾಜೂ ಮನೆಯ ಕಾವೇರಿಯನ್ನು ಕರೆದುಕೊಂಡು ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದ್ದಳು. ಗಂಟೂ ಇಲ್ಲ, ಗಿಂಟೂ ಇಲ್ಲ, ಬರೀ ಪಿತ್ತ ಅಂದಿದ್ದರು. ಅವತ್ತು ಆಕೆ ಸೀರೆ ತರಲು ಹೋಗಿದ್ದಾಳೆಂದು ಮಾಸ್ತರರು ತಿಳಿದಿದ್ದರು. ಬಂದಮೇಲೆ ಸೀರೆ ತೋರಿಸಲಿಲ್ಲವಲ್ಲ ಎಂದೂ ಅಂದುಕೊಂಡಿದ್ದರು.

"ಕೇಳೀನೂ ಸುಮ್ನ ಕುಂತಾರ ಅಂತ ತಿಳಕೊಂಡಿದ್ದೆ ನಾ" ಎಂದಳು ಸುನಂದಾ. "ಒಂದ ತಿಂಗಳಾತು. ದಿನಾ ರೊಟ್ಟಿ ನೀಡುವಾಗೆಲ್ಲ ಅದ ನೆನಪಾಗತಿತ್ತು."

ಮಾಸ್ತರರು ತಪ್ಪಾಯಿತು ಎಂದದ್ದು ಅವರಿಗೇ ಕೇಳಿಸಲಿಲ್ಲ, ಆದ್ದರಿಂದ ಇನ್ನೊಮ್ಮೆ ಜೋರಾಗಿ ಅಂದರು. ಆಕೆ ಬಿದ್ದ ಸೀರೆಯಲ್ಲೊಂದನ್ನು ಎತ್ತಿ ಅವರ ತಲೆ ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಆಕೆಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಕಿವುಡನಾದದ್ದು ಸೈ, ಮನಸ್ಸು ಕಲ್ಲಾಗಿಲ್ಲ, ಅಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡದ್ದು ಗಂಡನಿಗೆ ಮುಟ್ಟಲಿಲ್ಲ. ಅದಕ್ಕೆ ಮಾತ್ರ ಅವರು ಹೂಂ ಅನ್ನಲಿಲ್ಲ.

ಬಾಗೇವಾಡಿಗೆ ಹೋಗುವುದೆಂದಾಯಿತು. ಈ ಸ್ಥಿತಿಯಲ್ಲಿ ಬೈಕು ಹೊಡೆಯಲಾಗದು, ಬಸ್ಸು ಹಿಡಿಯುವಾ ಎಂದು ಮಾಸ್ತರರು ಅಂಗಿ ತೊಟ್ಟು ಹೊರಗೆ ಬಂದರೆ, ಕಟ್ಟೆಯ ಮುಂದೆ ಕಾವೇರಿಯ ಸ್ಕೂಟಿ ಚಾಲೂ ಆಗಿ ನಿಂತಿತ್ತು. ಅದರ ಮೇಲೆ ಸುನಂದಾ. ಯಾವಾಗ ಕಲಿತೆ ಎಂಬ ಪ್ರಶ್ನೆಯನ್ನು ಬಾಯಿಗೆ ತಂದ ಮಾಸ್ತರರು ಆಕೆಯ ಮುಖ ನೋಡಿ ನುಂಗಿಕೊಂಡರು. ಕಲಿಯಲೇನು ಎಂದು ಆಕೆ ಕೇಳಿರಬೇಕು, ತಾವು ಹೂಂ ಅಂದಿರಬೇಕು. ಲೈಸೆನ್ಸಿಗೂ ಇನ್ನೊಂದು ಹೂಂ ಖರ್ಚಾಗಿರಬೇಕು. ಸುಮ್ಮನೆ ಹಿಂದೆ ಕೂತು ಸೀಟಿನ ಕಬ್ಬಿಣ ಹಿಡಿದುಕೊಂಡರು.

ಡಾಕ್ಟರು ವಸುಧಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಆಕೆ ಕಿವಿ ನೋಡಿ, ಬಚ್ಚಲಿನ ಕಥೆಯನ್ನು ಸುನಂದಾಳಿಂದ ಕೇಳಿ, ಮಾಸ್ತರರು ಏನು ಕೆಲಸ ಮಾಡುತ್ತಾರೆಂದು ವಿಚಾರಿಸಿದಳು. ವಿಜ್ಞಾನ ಕಲಿಸುತ್ತಾರೆ ಎಂದು ಸುನಂದಾ ಗಟ್ಟಿಯಾಗಿಯೇ ಹೇಳಿದಳು. ಡಾಕ್ಟರು ನಗಲಿಲ್ಲ. ಮೈಯಷ್ಟೇ ಬೆಚ್ಚಗಿನ ನೀರು ತರಿಸಿ, ಅವರ ಕೈಗೆ ಹನಿಸಿ ತೋರಿಸಿ, ಬಲಗಿವಿಯ ಹತ್ತಿರ ಬಾಗಿದಳು.

"ಕಿವ್ಯಾಗ ಬರೇ ಕೇಳೂದಷ್ಟ ಇಲ್ಲರಿ ಸರ್. ಮೈಯ ಸಮತೋಲ ಹಿಡಿಯೂದೂ ಅಲ್ಲೇ ಐತಿ. ಆ ಮೂರು ನಾಳದಾಗಿನ ನೀರು ಅಲುಗಾಡಿದ್ರ ತಲಿ ತಿರಗಾಕತ್ತೈತಿ ಅಂತ ಮಿದುಳು ತಿಳಕೊಂತೈತಿ. ನೀವು ತಣ್ಣೀರು ಬಿಟ್ರಿ, ಒಂದು ಬದಿ ತಂಪಾಗಿ ಒಳಗಿನ ನೀರು ಹರೀತು. ತಲಿ ಇದ್ದಲ್ಲೇ ಇತ್ತು, ನೀರಷ್ಟ ತಿರುಗೇತಿ."

ಈ ವಾಕ್ಯಗಳನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ತಾವೇ ಇಪ್ಪತ್ತಾರು ಸಲ ಹೇಳಿದ್ದೇವೆಂದು ಮಾಸ್ತರರು ತಿಳಿಸಬಹುದಿತ್ತು. ತಿಳಿಸಲಿಲ್ಲ.

ಬಲಗಿವಿಯಿಂದ ಹುಣಸೆ ಬೀಜದಂಥದೊಂದು ಟ್ರೇಯಲ್ಲಿ ಬಿತ್ತು. ಎಡಗಿವಿಯಿಂದ ಅದರ ಅಣ್ಣ ಬಿತ್ತು. ಬಿದ್ದ ಕೂಡಲೇ ಲೋಕ ನುಗ್ಗಿತು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು, ಕೆಳಗಿನ ಅಂಗಡಿಯಲ್ಲಿ ಯಾರೋ ಗುಳಿಗೆಯ ಪಟ್ಟಿ ಕತ್ತರಿಸುತ್ತಿದ್ದರು, ಡಾಕ್ಟರ ಪೆನ್ನು ಕಾಗದದ ಮೇಲೆ ಪರಪರ ಅನ್ನುತ್ತಿತ್ತು. ಬಾಗಿಲ ಹತ್ತಿರ ಸುನಂದಾಳ ಬಳೆ ಸಪ್ಪಳ ಮಾಡಿದವು. ಮಾಸ್ತರರು ತಿರುಗಿ ನೋಡಿದರು. ಆ ಸಪ್ಪಳ ಕೇಳಿ ಎರಡು ತಿಂಗಳಾಗಿತ್ತೆಂದು ಅವರಿಗೆ ಆಗ ಹೊಳೆಯಿತು.

ಬಾಗೇವಾಡಿ ದಾಟಿ ಮನಗೂಳಿಯ ರಸ್ತೆ ಹಿಡಿದಮೇಲೆ ಸುನಂದಾ ಸ್ಕೂಟಿಯನ್ನು ನಿಧಾನ ಮಾಡಿದಳು.

"ಈಗ ಚಂದಾಗಿ ಕೇಳಸ್ತೈತೇನ್ರಿ?"

"ಸೂಜಿ ಬಿದ್ರೂ ಕೇಳಸ್ತೈತಿ" ಎಂದರು ಮಾಸ್ತರರು, ಸ್ವಲ್ಪ ಹಳೆಯ ಗತ್ತಿನಲ್ಲಿ.

"ಚಲೋ ಆತು. ಹಂಗಾರ ಸಂಕ್ರಮಣದಿಂದ ಹೇಳತೇನಿ, ಕೇಳ್ರಿ."

ಆಕೆ ಶುರು ಮಾಡಿದಳು. ಸಂಕ್ರಮಣದ ದಿನ ಮುಂಜಾನೆ ಚಡಚಣದ ಅಣ್ಣ ಫೋನಿನಲ್ಲಿ ಏನಂದ, ದ್ರಾಕ್ಷಿ ಈ ವರ್ಷ ಹೇಗೆ, ಅತ್ತಿಗೆಯ ಮೊಣಕಾಲು ಯಾವುದು ನೋಯುತ್ತದೆ, ಯಾವುದು ನೋಯುವುದಿಲ್ಲ. ಗಾಳಿ ತಂಪಾಗಿತ್ತು. ಮಾಸ್ತರರು ರೂಢಿಯಂತೆ ಹೂಂ ಅಂದರು.

ಸ್ಕೂಟಿ ರಸ್ತೆಯ ಬದಿಗೆ ಬಂದು ನಿಂತಿತು. ಸುನಂದಾ ಒಂದು ಕಾಲು ನೆಲಕ್ಕೆ ಊರಿ, ಹಿಂದೆ ತಿರುಗದೆ ಹೇಳಿದಳು. "ಏನಂದೆ, ಹೇಳ್ರಿ ನೋಡೋಣ."

ಮಾಸ್ತರರು ಬೆನ್ನು ನೆಟ್ಟಗೆ ಮಾಡಿ, ಅಣ್ಣನಿಂದ ಹಿಡಿದು ಅತ್ತಿಗೆಯ ಮೊಣಕಾಲಿನವರೆಗೆ ಒಪ್ಪಿಸಿದರು. ಎಡಗಾಲು ಅಂದರು. ಬಲಗಾಲು ಎಂದು ಆಕೆ ತಿದ್ದಿದಳು, ಅವರು ಬಲಗಾಲು ಅಂದರು. ಸ್ಕೂಟಿ ಮುಂದೆ ಸಾಗಿತು.

ಮನಗೂಳಿ ಇನ್ನೂ ಹದಿನಾರು ಕಿಲೋಮೀಟರ್ ಇತ್ತು. ಸುನಂದಾ ಇನ್ನೂ ಸಂಕ್ರಮಣದ ಮಧ್ಯಾಹ್ನಕ್ಕೆ ಬಂದಿರಲಿಲ್ಲ.