ಗಣಿತದ ಸರ್ ಕುಳಿತದ್ದು

ನಾನು ನಿಂತಿದ್ದದ್ದು ನಮ್ಮ ಕಾಲೇಜಿನ ಒಂಬತ್ತನೇ ನಂಬರಿನ ಕೊಠಡಿಯ ಹಿಂಬಾಗಿಲಲ್ಲಿ. ಎಡಗಾಲು ಹೊಸ್ತಿಲಿನ ಒಳಗೆ, ಬಲಗಾಲು ವರಾಂಡದಲ್ಲಿ. ಮಳೆಗಾಲದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ಕೈಗಡಿಯಾರ ಎರಡು ನಿಮಿಷ ಮುಂದಿರುತ್ತದೆ. ಅದನ್ನು ಕಳೆದೇ ಹೇಳುತ್ತಿದ್ದೇನೆ. ಭೌತಶಾಸ್ತ್ರದ ಮಾಸ್ತರ ನಾನು, ಉಪಕರಣದ ದೋಷ ಕಳೆಯದೆ ಅಳತೆ ಹೇಳುವವನಲ್ಲ. ಆ ಹೊತ್ತಿನಲ್ಲಿ, ನನ್ನಿಂದ ಹದಿನೆಂಟು ಅಡಿ ದೂರದಲ್ಲಿ, ನಮ್ಮ ಗಣಿತದ ಸರ್ ಕುರ್ಚಿಯ ಮೇಲೆ ಕುಳಿತಿದ್ದರು.

ಇಷ್ಟಕ್ಕೇ ಇಷ್ಟು ಪೀಠಿಕೆಯೇ ಎನ್ನಬೇಡಿ. ಆ ಮನುಷ್ಯ ಇಪ್ಪತ್ತೊಂಬತ್ತು ವರ್ಷ ಆ ಕೊಠಡಿಯಲ್ಲಿ ಒಮ್ಮೆಯೂ ಕುಳಿತವರಲ್ಲ! ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಎಂದಿದ್ದರೆ ನಮ್ಮ ಸ್ಟಾಫ್ ರೂಮು "ಹವಾ ಕೆಟ್ಟೈತ್ರಿ" ಎಂದು ಚಹಾ ಕುಡಿಯುತ್ತಿತ್ತು. ಸರ್ ಕುಳಿತರು ಎಂದು ನಾನು ಹೇಳಿದಾಗ ಮಾತ್ರ ಎಲ್ಲರೂ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು.

ಕುಳಿತುಕೊಳ್ಳದಿರುವುದಕ್ಕೆ ಅವರದೊಂದು ಕಾಯಿದೆ ಇತ್ತು. ದಿನವೂ ನಾಲ್ವರು ವಿದ್ಯಾರ್ಥಿಗಳನ್ನು ಬೋರ್ಡಿಗೆ ಕರೆದು ಲೆಕ್ಕ ಬಿಡಿಸಲು ಹೇಳುತ್ತಿದ್ದರು. ಸರಿ ಬಿಡಿಸಿದವರು ಗಂಟೆ ಹೊಡೆಯುವವರೆಗೂ ಬೋರ್ಡಿನ ಪಕ್ಕದಲ್ಲಿ ನಿಂತಿರಬೇಕು. ತಪ್ಪು ಮಾಡಿದವರು ಹೋಗಿ ಸರ್ ಅವರ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು! ಇದೆಂಥ ನ್ಯಾಯ ಎಂದು ನಾನೇ ಒಮ್ಮೆ ಕೇಳಿದ್ದೆ.

"ತಪ್ಪ ಮಾಡಿದಾಂವ ದಣದಿರ್ತಾನೋ ಮಾರಾಯಾ, ಕುಂದರ್ಲಿ. ಸರಿ ಮಾಡಿದಾಂವಗ ಏನಾಗೇತಿ ಧಾಡಿ? ನಿಂದರ್ಲಿ!"

ಈ ಕಾಯಿದೆಗೆ ಕಾಲೇಜಿನ ಗೇಟು ಗೊತ್ತಿರಲಿಲ್ಲ. ಖಾನಾಪುರದಿಂದ ಬೆಳಗಾವಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸರ್, ಸೀಟು ಖಾಲಿ ಇದ್ದರೂ ನಿಂತೇ ಬರುತ್ತಿದ್ದರು. "ಬಸಾ ಕೀ ಸರ್," ಎಂದು ಕಂಡಕ್ಟರ್ ಮರಾಠಿಯಲ್ಲಿ ಕೂರಲು ಕರೆದರೆ, "ಇವತ್ತಿನ್ನೂ ತಪ್ಪ ಮಾಡಿಲ್ಲಪಾ" ಎಂಬ ಉತ್ತರ. ಒಂದು ದಿನ ಅವನು ಸರ್‌ಗೆ ಬೇರೆ ಊರಿನ ಟಿಕೇಟು ಹರಿದುಕೊಟ್ಟ. ಸರ್ ಅವನ ಭುಜ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ಕಂಡಕ್ಟರ್ ದೇಸೂರಿನವರೆಗೆ ಏಳಲಿಲ್ಲ. ಅಲ್ಲಿಯವರೆಗೆ ಬಸ್ಸಿನಲ್ಲಿ ಯಾರಿಗೂ ಟಿಕೇಟಿಲ್ಲ! ಇದನ್ನು ನಾನು ನೋಡಿಲ್ಲ, ಕಂಡಕ್ಟರನೇ ಹೇಳಿದ್ದು. ಆದ್ದರಿಂದ ಸಾಕ್ಷ್ಯಕ್ಕೆ ಬೇಡ, ರುಚಿಗೆ ಮಾತ್ರ ಇರಲಿ.

ಇನ್ನೊಂದನ್ನು ನೋಡಿದ್ದೇನೆ. ಕಾಲೇಜಿನ ತಪಾಸಣೆಗೆ ಸಮಿತಿಯೊಂದು ಬಂತು. ಸಮಿತಿಯ ಹಿರಿಯರು ಒಂಬತ್ತನೇ ಕೊಠಡಿಗೆ ಕಾಲಿಟ್ಟಾಗ ಕುರ್ಚಿಯಲ್ಲಿ ಕುಳಿತಿದ್ದವನು ವಡಗಾವಿಯ ಒಬ್ಬ ವಿದ್ಯಾರ್ಥಿ. ಬೆಳೆದ ಆಳು, ಪೊದೆ ಮೀಸೆ, ಆ ಕುರ್ಚಿಯಲ್ಲಿ ಅವನಷ್ಟು ಕುಳಿತವರು ಇನ್ನೊಬ್ಬರಿಲ್ಲ. ಹಿರಿಯರು ನೇರ ಹೋಗಿ ಅವನ ಕೈ ಕುಲುಕಿದರು.

"ಎಷ್ಟು ವರ್ಷ ಆಯ್ತು ಇಲ್ಲಿ?"

"ಇದ ಕ್ಲಾಸಿನ್ಯಾಗ ಎರಡನೇದ್ರಿ ಸರ," ಎಂದ, ನಪಾಸಾಗಿ ಮತ್ತೆ ಕುಳಿತವನು, ಸತ್ಯವನ್ನೇ.

ಕಾಲೇಜು ಯುವ ಅಧ್ಯಾಪಕರಿಗೆ ಉತ್ತಮ ಪ್ರೋತ್ಸಾಹ ನೀಡುತ್ತಿದೆ ಎಂದು ವರದಿಯಲ್ಲಿ ಬಂತು. ಪ್ರಿನ್ಸಿಪಾಲರು ಅದನ್ನು ತಿದ್ದಿಸಲಿಲ್ಲ.

ಸರ್ ಅವರ ಇನ್ನೊಂದು ಪದ್ಧತಿಯನ್ನೂ ಹೇಳಬೇಕು, ಎಡವಟ್ಟಾದದ್ದು ಅಲ್ಲಿಯೇ. ಉತ್ತರಪತ್ರಿಕೆಯನ್ನು ಅವರು ಕೆಳಗಿನಿಂದ ಓದುತ್ತಿದ್ದರು! ಕೊನೆಯ ಸಾಲು ಸರಿ ಇದ್ದರೆ ಮೇಲಕ್ಕೆ ಹೋಗುತ್ತಲೇ ಇರಲಿಲ್ಲ. "ಮನಿ ಮುಟ್ಟ್ಯಾನೋ ಇಲ್ಲೋ, ಅಷ್ಟ ನೋಡಬೇಕು. ಮುಟ್ಟಿದಾಂವನ್ನ ಯಾವ ದಾರೀಲೆ ಬಂದಿ ಅಂತ ಯಾಕ ಕೇಳೂದು?"

ಆ ವರ್ಷದ ಕಿರುಪರೀಕ್ಷೆಗೆ ಒಂದು ಹಳೆಯ, ಸಾಧು ಪ್ರಶ್ನೆ ಕೊಡಲು ಹೊರಟರು. ಯಾವುದೇ ಪೂರ್ಣಸಂಖ್ಯೆಯ ಘನದಿಂದ ಅದೇ ಸಂಖ್ಯೆಯನ್ನು ಕಳೆದರೆ, ಉಳಿದದ್ದು ಆರರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ಸಾಧಿಸಿ. ಎರಡರ ಘನ ಎಂಟು. ಎರಡು ಕಳೆದರೆ ಆರು. ಸರಿಯಷ್ಟೆ? ಆದರೆ ಬರೆಯುವಾಗ ಕೈ ತಪ್ಪಿ ಕಳೆಯುವ ಚಿಹ್ನೆಯ ಬದಲು ಕೂಡುವ ಚಿಹ್ನೆ ಬಿತ್ತು. ಈಗ ಒಂದರ ಘನ ಒಂದು. ಒಂದು ಕೂಡಿಸಿದರೆ ಎರಡು. ಎರಡನ್ನು ಆರರಿಂದ ಭಾಗಿಸಿ ನೋಡೋಣ!

ಐವತ್ತೆರಡು ವಿದ್ಯಾರ್ಥಿಗಳು ಅದನ್ನೂ ಸಾಧಿಸಿದರು. ನೋಟ್ಸಿನಲ್ಲಿದ್ದುದನ್ನು ಬಾಯಿಪಾಠ ಇಳಿಸಿ, ಚಿಹ್ನೆ ತಂಟೆ ಮಾಡಿದಲ್ಲಿ ಅಕ್ಷರ ಸಣ್ಣದು ಮಾಡಿ, "ಆದ್ದರಿಂದ ಸಾಧಿಸಲಾಗಿದೆ" ಎಂದು ಕೆಳಗೆ ಎರಡು ಗೆರೆ ಎಳೆದರು. ಸರ್ ಎಲ್ಲರಿಗೂ ಹತ್ತಕ್ಕೆ ಹತ್ತು ಕೊಟ್ಟರು. ಐವತ್ಮೂರನೆಯವಳು ಖಾನಾಪುರದ ಅಶ್ವಿನಿ. ಕಾಲೇಜಿಗೆ ಸೇರಿದಾಗಿನಿಂದ, ಕರೆದಾಗಲೆಲ್ಲ ಬೋರ್ಡಿನ ಪಕ್ಕ ನಿಂತೇ ಇದ್ದವಳು; ಒಮ್ಮೆಯೂ ಆ ಕುರ್ಚಿ ಕಂಡವಳಲ್ಲ. ಅವಳ ಉತ್ತರದ ಕೊನೆಯ ಸಾಲು: "ಇದನ್ನು ಸಾಧಿಸಲು ಸಾಧ್ಯವಿಲ್ಲ." ಅದರ ಮುಂದೆ ಸರ್ ಕೆಂಪು ಶಾಯಿಯಲ್ಲಿ ಒಂದೇ ಒಂದು ಪದ ಬರೆದು, ಸೊನ್ನೆ ಸುತ್ತಿದ್ದರು: "ನಿನಗೆ."

ಶನಿವಾರ ಮಧ್ಯಾಹ್ನ ಅವಳು ಒಂದು ಅರ್ಜಿ ಹಿಡಿದು ನನ್ನ ಬಳಿ ಬಂದಳು. ವಿಷಯ ಬದಲಾಯಿಸುವ ಅರ್ಜಿಗಳಿಗೆ ಸಹಿ ಹಾಕುವ ಕೆಲಸ ನನ್ನದು.

"ಸರ, ನಾ ಗಣಿತ ಬಿಡ್ತೇನ್ರಿ."

"ಯಾಕವ್ವಾ?"

"ನನಗ ಆಗೂದಿಲ್ಲಂತ್ರಿ. ಸರ ಬರದಾರ." ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ಮುಖ ಮಾಡಿದಳು.

ನಾನು ಮೇಲಿನಿಂದ ಓದಿದೆ. ಎರಡನೇ ಸಾಲಿನಲ್ಲೇ ಒಂದಕ್ಕೆ ಒಂದು ಕೂಡಿಸಿ ತೋರಿಸಿದ್ದಳು. ತಪ್ಪು ಯಾರದೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಸರ್ ಬಳಿ ಹೋಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ನಿಂತವರ ಮುಂದೆ ಹೋಗಿ ಕುಳಿತುಕೊಳ್ಳಿ ಎನ್ನುವುದು ಹೇಗೆ? "ಸೋಮವಾರ ನೋಡೂಣ" ಎಂದೆ. ಅರ್ಜಿ ಕೊಡಲು ಸೋಮವಾರವೇ ಕೊನೆಯ ದಿನ. ಭಾನುವಾರವಿಡೀ ಮನೆಯಲ್ಲಿ ಒಂದಕ್ಕೆ ಒಂದು ಕೂಡಿಸುತ್ತ ಕುಳಿತೆ. ಪ್ರತಿ ಸಲವೂ ಎರಡೇ ಬಂತು.

ಸೋಮವಾರ ಹತ್ತೂ ಮುಕ್ಕಾಲಿಗೆ ಸ್ಟಾಫ್ ರೂಮಿನಲ್ಲಿ ಪತ್ರಿಕೆಯನ್ನು ಸರ್ ಮುಂದಿಟ್ಟೆ. ಅವರು ಓದಿದರು, ಮೊದಲ ಬಾರಿಗೆ ಮೇಲಿನಿಂದ. ಆಮೇಲೆ ತಾವೇ ಲೆಕ್ಕ ಹಾಕಿದರು. ಒಂದಕ್ಕೆ ಎರಡು. ಎರಡಕ್ಕೆ ಹತ್ತು. ಮೂರಕ್ಕೆ ಮೂವತ್ತು ಬಂತು, ಆರರಿಂದ ಭಾಗವಾಯಿತು! ಸರ್ ಮುಖ ಅರಳಿತು. ನಾಲ್ಕಕ್ಕೆ ಅರವತ್ತೆಂಟು. ಅರಳಿದ್ದು ಮುಚ್ಚಿತು.

ಅಟೆಂಡರ್ ಈರಪ್ಪ ಚಹಾದ ಕಪ್ಪು ತೆಗೆಯುತ್ತಿದ್ದ. "ಸರ, ಟೈಪ್ ಮಾಡಾಂವ ತಪ್ಪ ಮಾಡ್ಯಾನ ಅಂದಬಿಡ್ರಿ. ಅಂವ ಹೆಂಗೂ ರಜಾದ ಮ್ಯಾಲ ಅದಾನ."

ಸರ್ ಡ್ರಾಯರಿನಿಂದ ತಮ್ಮ ಕೈಬರಹದ ಪ್ರತಿ ತೆಗೆದು ನೋಡಿದರು. ಕೂಡುವ ಚಿಹ್ನೆ ಅದರಲ್ಲೂ ಇತ್ತು, ಚೊಕ್ಕವಾಗಿ.

"ಇಲ್ಲೋ ಈರಪ್ಪ. ಕೈ ನಂದ ಐತಿ," ಎಂದು ಕ್ಲಾಸಿಗೆ ಹೊರಟರು. ನಾವಿಬ್ಬರೂ ಹಿಂದೆ ಹೋದೆವು. ನಾನು ಬಾಗಿಲಲ್ಲಿ ನಿಂತೆ. ಎಡಗಾಲು ಒಳಗೆ, ಬಲಗಾಲು ಹೊರಗೆ. ಈರಪ್ಪ ನನ್ನ ಬೆನ್ನ ಹಿಂದೆ, ವರಾಂಡದಲ್ಲಿ.

"ನೀವು ಐವತ್ತೆರಡು ಮಂದಿ ಸುಳ್ಳನ್ನ ಸಾಧಿಸೀರಿ. ನಾ ಅದಕ್ಕ ಪೂರಾ ಮಾರ್ಕ್ಸ್ ಕೊಟ್ಟೇನಿ. ಎಲ್ಲಾ ವಾಪಸ್!" ಎಂದರು ಸರ್.

"ಸರ, ಪ್ರಶ್ನೇನ ತಪ್ಪಿತ್ತಲ್ರಿ!" ಎಂದು ವಡಗಾವಿಯ ಮೀಸೆ ಕೂಗಿತು.

"ಅದಕ್ಕ ನಾನೂ ಕುಂದರಾಕತ್ತೇನಿ."

ಕುಳಿತರು. ಕುರ್ಚಿ ಕಿರ್ರೆಂದಿತು.

"ಅಶ್ವಿನಿ, ಬಾರವ್ವಾ. ಎಲ್ಲಾರಿಗೂ ಹೇಳು, ಇದು ಯಾಕ ಆಗೂದಿಲ್ಲಂತ. ನನಗೂ ಹೇಳು."

ಅವಳು ಬರೆದದ್ದು ಎರಡೇ ಸಾಲು. ಸೀಮೆಸುಣ್ಣ ಎರಡು ಸಲ ಮುರಿಯಿತು. ಬರೆದು, ಕಾಯಿದೆಯಂತೆ, ಬೋರ್ಡಿನ ಪಕ್ಕ ನಿಂತಳು. ಆ ಕೊಠಡಿಯೊಳಗೆ ನಿಂತಿದ್ದವಳು ಅವಳೊಬ್ಬಳೇ.

ಗಂಟೆ ಹೊಡೆದು, ಅಶ್ವಿನಿಯೊಬ್ಬಳನ್ನು ಬಿಟ್ಟು ವಿದ್ಯಾರ್ಥಿಗಳೆಲ್ಲ ಹೋದರೂ ಸರ್ ಏಳಲಿಲ್ಲ. ಬೋರ್ಡನ್ನೇ ನೋಡುತ್ತಿದ್ದರು.

"ಇಷ್ಟ ವರ್ಷ ಮಂದೀನ ಇಲ್ಲಿ ಆರಾಮ ಕುಂದರಿಸೇನಿ ಅಂತ ತಿಳಕೊಂಡಿದ್ನಿ," ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. "ಇಲ್ಲಿಂದ ಬೋರ್ಡು ಎಷ್ಟ ಎತ್ತರ ಕಾಣತೈತಿ..."

ಅಶ್ವಿನಿ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿದಳು. ಆಮೇಲೆ ಹತ್ತಿರ ಹೋಗಿ, "ಏಳ್ರಿ ಸರ. ದಣಿವ ಹೋತಿಲ್ರಿ?" ಎಂದು ಕೈ ಕೊಟ್ಟಳು. ಅವರು ಆ ಕೈ ಹಿಡಿದು ಎದ್ದರು. ಮರುದಿನದಿಂದ ನಿವೃತ್ತಿಯವರೆಗೆ ಉತ್ತರಪತ್ರಿಕೆಗಳನ್ನು ಮೇಲಿನಿಂದಲೇ ಓದಿದರು. ಫಲಿತಾಂಶ ಪ್ರತಿ ಸಲ ತಡವಾಯಿತು, ಪ್ರತಿ ಸಲ ನೋಟಿಸು ಬಂತು.

ಸರ್ ಹೋದ ಶ್ರಾವಣದಲ್ಲಿ ತೀರಿಕೊಂಡರು. ಅವರು ಕುಳಿತದ್ದನ್ನು ಸ್ಟಾಫ್ ರೂಮು ಇಂದಿಗೂ ನಂಬಿಲ್ಲ. ಆ ಐವತ್ತೆರಡು ಮಂದಿಯ ಸಾಕ್ಷಿ ನಡೆಯುವುದಿಲ್ಲ. ಸುಳ್ಳನ್ನು ಲಿಖಿತವಾಗಿ ಸಾಧಿಸಿದವರು ಅವರು! ಹಾಗಾಗಿ ಉಳಿದವರು ನಾವು ಮೂವರು. ನಾನು, ಶನಿವಾರ ತಿಳಿದದ್ದನ್ನು ಸೋಮವಾರ ಹೇಳಿದವನು; ಆದ್ದರಿಂದ ಇದನ್ನು ಕುಳಿತು ಬರೆಯುತ್ತಿದ್ದೇನೆ. ಈರಪ್ಪ, ನಿವೃತ್ತನಾಗಿ ಕಾಕತಿಯಲ್ಲಿದ್ದಾನೆ. ಕೇಳಿದರೆ ಕುರ್ಚಿ ಕಿರ್ರೆಂದದ್ದನ್ನೂ ಬಾಯಲ್ಲಿ ಮಾಡಿ ತೋರಿಸುತ್ತಾನೆ. ಮತ್ತೆ ಅಶ್ವಿನಿ. ಖಾನಾಪುರದಲ್ಲಿ ಗಣಿತ ಹೇಳಿಕೊಡುತ್ತಾಳೆ. ಈಗ ಹನ್ನೊಂದೂ ಹತ್ತು, ಗಡಿಯಾರದ ಎರಡು ನಿಮಿಷ ಕಳೆದು. ನಿಂತಿರುತ್ತಾಳೆ.