ಗೊಂಬೆಯ ಎದೆ ಏರಲಿಲ್ಲ

ಕಾಣದ್ದನ್ನು ಕಂಡೆ ಎನ್ನಲು ನಾಲಿಗೆ ಹೊರಳದಿದ್ದುದೇ ನರ್ಸಣ್ಣ ಮಾಡಿಕೊಂಡ ಎಡವಟ್ಟು. ಮಗಳ ಹೊಸ ಸೈಕಲ್ ಎರಡು ತಿಂಗಳಿಂದ ಗೋಡೆಗೆ ಒರಗಿ ನಿಂತಿತ್ತು. "ಈ ಭಾನುವಾರ ಖಂಡಿತ ಕಲಿಸ್ತೀನಿ ಪುಟ್ಟಿ" ಎಂದು ಬೆಳಿಗ್ಗೆಯಷ್ಟೇ ಮಾತು ಕೊಟ್ಟು ಬಂದಿದ್ದ. ಆದರೆ ಮಾತು ಕೊಟ್ಟ ದಿನವೇ ಅವನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಸಿಬ್ಬಂದಿಗೆಲ್ಲ ಪರೀಕ್ಷೆ. ಉಸಿರು ನಿಂತವರ ಮುಖಕ್ಕೆ ಮಾಸ್ಕ್ ಒತ್ತಿ, ರಬ್ಬರ್ ಚೀಲ ಹಿಂಡಿ ಉಸಿರು ಕೊಡುವುದನ್ನು ಗೊಂಬೆಯ ಮೇಲೆ ಮಾಡಿ ತೋರಿಸಬೇಕು. ಫೇಲಾದವರಿಗೆ ಮೂರು ತಿಂಗಳು ಪ್ರತಿ ಭಾನುವಾರ ಕ್ಲಾಸು.

ಚೀಲ ಹಿಂಡಿದಾಗಲೆಲ್ಲ "ಎದೆ ಏರಿತು" ಎಂದು ಗಟ್ಟಿಯಾಗಿ ಹೇಳಬೇಕೆಂಬುದು ನಿಯಮ. ದೊಡ್ಡ ಡಾಕ್ಟರು ಕಿಟಕಿಯತ್ತ ತಿರುಗಿ ಫೋನ್ ನೋಡುತ್ತಾ, ಕಿವಿಯಲ್ಲೇ ಪರೀಕ್ಷೆ ಮಾಡಿ ಟಿಕ್ ಹಾಕುತ್ತಿದ್ದರು. ಏಳು ಜನ ಹಿಂಡಿದರು, ಏಳು ಜನ ಕೂಗಿದರು, ಏಳೂ ಜನ ಪಾಸು.

ಎಂಟನೆಯವನು ನರ್ಸಣ್ಣ. ಹಿಂಡಿದ. ನೋಡಿದ. ಇನ್ನೊಮ್ಮೆ ಹಿಂಡಿದ.

"ಎದೆ... ಏರ್ತಿಲ್ಲ ಸಾರ್."

"ತಲೆ ಹಿಂದಕ್ಕೆ ಬಾಗ್ಸು, ಗದ್ದ ಎತ್ತು ಮಹರಾಯ!" ಎಂದರು ಆಗಲೇ ಪಾಸಾಗಿದ್ದ ಹಿರಿಯ ಸಿಸ್ಟರ್. ಬಾಗಿಸಿದ. ಗೊಂಬೆ ಚಾವಣಿಯ ಜೇಡರ ಬಲೆ ಎಣಿಸುವವರಂತೆ ಮಲಗಿತು. ಎದೆ ಮಾತ್ರ ಇಸ್ತ್ರಿ ಹಾಕಿದ ಹಾಸಿಗೆಬಟ್ಟೆಯಂತೆ ಚಪ್ಪಟೆ.

"ಮಾಸ್ಕ್ ಸಂದೀಲಿ ಗಾಳಿ ಸೋರ್ತಿದೆ. ಬಿಗಿಯಾಗಿ ಹಿಡಿ," ಎಂದ ಆಂಬುಲೆನ್ಸಿನವನು. ನರ್ಸಣ್ಣ ಕುಕ್ಕರಿನ ಮುಚ್ಚಳ ಹಿಡಿದಂತೆ ಅಮುಕಿದ. ಊಹೂಂ. ಸಿಸ್ಟರ್ ಎರಡೂ ಕೈಯಲ್ಲಿ ಮಾಸ್ಕ್ ಹಿಡಿದರು, ಇವನು ಹಿಂಡಿದ. ಊಹೂಂ.

"ಏರ್ತು ಅಂದ್ಬಿಡೋ! ಊಟಕ್ಕೆ ಹೊತ್ತಾಯ್ತು," ಆಂಬುಲೆನ್ಸಿನವನು ಕಿವಿಯಲ್ಲಿ ಉಸುರಿದ.

ನರ್ಸಣ್ಣನ ಕಣ್ಣ ಮುಂದೆ ಸೈಕಲ್ ಬಂತು. ಬಾಯಿ ತೆರೆದ. ಸುಳ್ಳು ಹೊರಡಲಿಲ್ಲ. "ಸಾರ್, ಒಳಗೇ ಏನೋ ಆಗಿದೆ," ಎಂದವನೇ ಗೊಂಬೆಯ ಅಂಗಿ ಬಿಚ್ಚಿ ಎದೆಯ ಮುಚ್ಚಳ ಎತ್ತಿದ. ಒಳಗೆ ಕಳ್ಳರು ಗುಡಿಸಿಕೊಂಡು ಹೋದ ಮನೆಯಂತೆ ಖಾಲಿ ಖಾಲಿ.

ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಆಯಮ್ಮ ಇಣುಕಿದಳು. "ಅದರ ಪ್ಲಾಸ್ಟಿಕ್ ಶ್ವಾಸಕೋಶನಾ? ಕೊಳೆಯಾಗಿತ್ತು ಅಂತ ಬೆಳಿಗ್ಗೆ ಸೋಪು ಹಾಕಿ ತೊಳೆದೆ. ಮಹಡಿ ಮೇಲೆ ಕ್ಲಿಪ್ ಹಾಕಿ ಒಣಗಾಕಿದೀನಿ. ಈಗ್ಲೇ ತೆಗೀಬೇಡಿ, ಇನ್ನೂ ಹಸಿ ಇದೆ!"

ಹಸಿಯದನ್ನೇ ತಂದು ಜೋಡಿಸಿದ್ದಾಯಿತು. ನರ್ಸಣ್ಣ ಹಿಂಡಿದ. ಗೊಂಬೆಯ ಎದೆ ಅಂದವಾಗಿ ಏರಿ ಇಳಿಯಿತು.

ಡಾಕ್ಟರು ಫೋನನ್ನು ಜೇಬಿಗಿಳಿಸಿದರು. "ಶಭಾಷ್! ನೀನೊಬ್ಬನೇ ಪಾಸು." ಆಮೇಲೆ ಉಳಿದವರತ್ತ ತಿರುಗಿ, "ಶ್ವಾಸಕೋಶವೇ ಇಲ್ಲದ ಎದೆ ಏರಿಸಿದ ಪುಣ್ಯಾತ್ಮರು ನೀವು! ಏಳೂ ಜನ ಫೇಲು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಕ್ಲಾಸು."

"ತಾವೇನು ನೋಡ್ತಿದ್ರೋ," ಎಂದು ಸಿಸ್ಟರ್ ಗೊಣಗಿದ್ದು ಡಾಕ್ಟರಿಗೆ ಕೇಳಿಸಲಿಲ್ಲ.

ನರ್ಸಣ್ಣ ಖುಷಿಯಲ್ಲಿ ಕಾಲು ನೆಲ ಮುಟ್ಟದಂತೆ ಬಾಗಿಲತ್ತ ಹೊರಟ.

"ನೀನೆಲ್ಲಿಗಪ್ಪಾ?" ಡಾಕ್ಟರು ತಡೆದರು. "ಭಾನುವಾರ ನನಗೆಲ್ಲಿ ಪುರುಸೊತ್ತು? ಕಣ್ಣುಬಿಟ್ಟು ನೋಡೋ ಮೇಷ್ಟ್ರು ಬೇಕಿತ್ತು, ಸಿಕ್ಕಿದೆ ನೀನು. ಮೂರು ತಿಂಗಳು ಕ್ಲಾಸ್ ನಿಂದೇ!"

"ತಪ್ಪದೆ ಬರ್ತೀವಿ ಮೇಷ್ಟ್ರೇ," ಎಂದು ಏಳು ಜನ ಹಲ್ಲು ಕಡಿದರು.

ಜೇಬಿನಲ್ಲಿ ಫೋನು ಕುಣಿಯಿತು. ಮಗಳು.

"ಅಪ್ಪಾ, ಪಾಸಾ ಫೇಲಾ?"

"ಪಾಸಾದೆ ಪುಟ್ಟಿ," ಎಂದ ನರ್ಸಣ್ಣ, ಅಳುವ ದನಿಯಲ್ಲಿ. "ಅದೇ ಈಗ ತೊಂದರೆ ಆಗಿರೋದು."