ಯಂತ್ರದ ಕೈಯ ಬಿಸಿ ರೊಟ್ಟಿ

ರೊಟ್ಟಿ ಬಡಿಯುವವಳ ಹಣೆಯಲ್ಲಿ ಬಿಸಿ ರೊಟ್ಟಿ ಬರೆದಿಲ್ಲ. ಗಂಡ ತಿನ್ನುತ್ತಾನೆ, ಮಾವ ತಿನ್ನುತ್ತಾನೆ, ದಾರಿಹೋಕ ಬಂದರೂ ಹಂಚಿನಿಂದ ಇಳಿದದ್ದು ಅವನ ತಾಟಿಗೇ ಹೋಗುತ್ತದೆ. ನಾವು ಒಲೆ ಆರಿಸಿ, ಬೆವರು ಒರೆಸಿಕೊಂಡು ಕೂರುವಷ್ಟರಲ್ಲಿ ಉಳಿದ ರೊಟ್ಟಿ ನಮ್ಮ ಸೊಂಟದಷ್ಟೇ ಸೆಟೆದುಕೊಂಡಿರುತ್ತದೆ. ದುಃಖ ತೋಡಿಕೊಳ್ಳುತ್ತಿಲ್ಲ, ಇದ್ದದ್ದು ಹೇಳಿದೆ.

ಕೊಡೇಕಲ್ಲಿನ ತವರಿನಲ್ಲಿ ಅವ್ವ ಬಡಿದು ಹಾಕುತ್ತಿದ್ದಳು. ನಾನು ಒಲೆಯ ಮಗ್ಗುಲಲ್ಲೇ ತಾಟು ಹಿಡಿದು ಕೂತಿರುತ್ತಿದ್ದೆ. ಉಬ್ಬಿದ ರೊಟ್ಟಿ ಮುರಿದರೆ ಆವಿಗೆ ಬೆರಳು ಸುಡುತ್ತಿತ್ತು. ಊದಿಕೊಂಡು ಮತ್ತೆ ಮುರಿಯುತ್ತಿದ್ದೆ. ದೋರನಹಳ್ಳಿಗೆ ಸೊಸೆಯಾಗಿ ಬಂದೆ, ಹಂಚಿನ ಆಚೆ ಬದಿಗೆ ಹೋದೆ, ಅಲ್ಲಿಗೆ ಮುಗಿಯಿತು. ನನಗೂ ಸೊಸೆ ಬಂದಾಗ ನನ್ನ ಸರದಿ ಬಂತೆಂದು ಕಾದೆ. ಅಷ್ಟರಲ್ಲಿ ಹೊಲಕ್ಕೆ ಕಾಲುವೆ ನೀರು ಬಂದು, ಜೋಳದ ಜಾಗದಲ್ಲಿ ಭತ್ತ ನಿಂತಿತ್ತು. ಸೊಸೆ ಒಳ್ಳೆಯವಳು, ಕುಕ್ಕರ್ ಇಡುತ್ತಾಳೆ. ಅನ್ನ ಬಿಸಿಯಾಗಿಯೇ ಇರುತ್ತದೆ. ಅನ್ನಕ್ಕೆ ನನ್ನ ಆಸೆ ಏನು ಗೊತ್ತು?

ಈ ಆಸೆಗೇ ನಾನು ಯಂತ್ರಕ್ಕೆ ಪಾಠ ಹೇಳಲು ಒಪ್ಪಿದ್ದು. ನಾನು ರೊಟ್ಟಿ ಬಡಿಯುವುದು ಶಹಾಪುರದಲ್ಲಿ, ನೀಲಮ್ಮನ ಖಾನಾವಳಿಯಲ್ಲಿ. ಪಕ್ಕದ ಶೆಡ್ಡಿಗೆ ಯಾವುದೋ ಕಾಲೇಜಿನ ಸಂಶೋಧಕರು ಒಂದು ಕಬ್ಬಿಣದ ಕೈ ತಂದು ನಿಲ್ಲಿಸಿದರು. ಅವರಿಗೆಲ್ಲ ಮುಂದಾಳು ಸುಜಾತಾ ಎಂಬ ಮೈಸೂರು ಕಡೆಯ ಹುಡುಗಿ. ನನ್ನ ಕೈಗೆ ತಂತಿ ಪೋಣಿಸಿದ ಗವಸು ತೊಡಿಸಿ, ನಾನು ನಾದಿದ್ದು, ಬಡಿದದ್ದು, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಕೊಂಡಳು.

“ಈ ಕೈ ಒಂದೇ ಕೆಲಸಕ್ಕೆ ಅಂಟಿಕೊಳ್ಳೋದಿಲ್ಲ ಅಜ್ಜಿ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಹೋಳಿಗೆ, ಸಂಜೆ ಡಬ್ಬ ತುಂಬೋದು. ಹೇಳಿದ ಹಾಗೆ ಹೊಂದ್ಕೊಳ್ಳುತ್ತೆ.”

“ಇದಕ್ಕ ಇಷ್ಟು ಓದಬೇಕಿತ್ತೇನವ್ವ? ನಾವು ಇದಕ್ಕ ಸೊಸಿ ಅಂತೀವಿ,” ಎಂದೆ.

“ಇದು ತವರಿಗೆ ಹೋಗ್ತೀನಿ ಅಂತ ಅಳೂದಿಲ್ಲ ಬಿಡು ಯಕ್ಕಾ,” ಎಂದಳು ನೀಲಮ್ಮ.

ಮೊದಮೊದಲು ಅದು ಬಡಿದ ರೊಟ್ಟಿ ಹರಿದು ಗೋಡೆಗೆ ಅಂಟಿತು. ಹೊಸದರಲ್ಲಿ ನನ್ನದೂ ಹರಿಯುತ್ತಿತ್ತು. ಅತ್ತೆ ಅದನ್ನು ನೆಂಟರಿಗೆಲ್ಲ ಎತ್ತಿ ತೋರಿಸಿದ್ದಳು. ಯಂತ್ರಕ್ಕೆ ಯಾರೂ ಒಂದು ಮಾತು ಅನ್ನಲಿಲ್ಲ. “ಪಾಪ, ಇನ್ನೂ ಕಲೀತಾ ಇದೆ,” ಎಂದು ಸುಜಾತಾ ಅದರ ಬೆನ್ನು ಸವರಿದಳು. ನನಗೆ ಹೊಟ್ಟೆ ಉರಿಯಿತು.

ಕಲಿಯಿತು. ದೊಡ್ಡವರನ್ನು ಕರೆಸಿ ತೋರಿಸುವ ದಿನ ಬಂತು. “ಮೊದಲನೇ ರೊಟ್ಟಿ ನನಗ. ನಾ ಕುಂತಿರ್ತೀನಿ, ಯಾರೂ ಎಬ್ಬಿಸಬ್ಯಾಡ್ರಿ,” ಎಂದು ಮೊದಲೇ ಹೇಳಿಟ್ಟಿದ್ದೆ. ಸುಜಾತಾ ನನ್ನನ್ನು ಮುಂದೆ ಕೂರಿಸಿ, “ತಾಟು ಖಾಲಿಯಾದ್ರೆ ಅದೇ ನೋಡಿ ಇನ್ನೊಂದು ಹಾಕುತ್ತೆ. ಸಾಕಾದ್ರೆ ಕೈ ಅಡ್ಡ ಹಿಡೀರಿ,” ಎಂದಳು.

ಬಂತು ರೊಟ್ಟಿ. ಉಬ್ಬಿತ್ತು. ಮುರಿದರೆ ಬೆರಳು ಸುಟ್ಟಿತು. ಪುಂಡಿಪಲ್ಯದ ಜೊತೆ ತಿಂದೆ. ಆ ಹೊತ್ತು ಯಾರ ಮುಖವನ್ನೂ ನೋಡಲಿಲ್ಲ. ತಾಟು ಖಾಲಿಯಾಯಿತು. ಕಬ್ಬಿಣದ ಕೈ ಎರಡನೆಯದನ್ನು ಎತ್ತಿತು. ಆಗಲೇ ನನ್ನ ಹಾಳು ಕೈ ತಾನಾಗಿ ತಾಟಿಗೆ ಅಡ್ಡ ಹೋಯಿತು. “ಸಾಕು, ಸಾಕು!”

ನಮ್ಮ ಕಡೆ ಮೊದಲ ‘ಸಾಕು’ವಿಗೆ ಬೆಲೆಯಿಲ್ಲ. ಉಣ್ಣುವವರು ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ, “ಒಂದಾ ಒಂದು, ನನ್ನ ಆಣಿ,” ಎಂದು ಹಾಕಬೇಕು. ಹಾಕದಿದ್ದರೆ ಬೀಗರು ಸಾಯುವತನಕ ಆಡಿಕೊಳ್ಳುತ್ತಾರೆ. ಯಂತ್ರ ಗಕ್ಕನೆ ನಿಂತು, ಆ ರೊಟ್ಟಿಯನ್ನು ಪಕ್ಕದ ಸಾಹೇಬರ ತಾಟಿಗೆ ಹಾಕಿತು. ಎಲ್ಲರೂ ಚಪ್ಪಾಳೆ ಹೊಡೆದರು.

“ಇನ್ನೊಂದು ಬೇಕಾ ಅಜ್ಜಿ?” ಸುಜಾತಾ ಕೇಳಿದಳು.

“ಬ್ಯಾಡವ್ವ, ಹೊಟ್ಟಿ ತುಂಬ್ಯಾದ.”

ಓದಿದ ಹುಡುಗಿ, ಹೇಳಿದ್ದನ್ನು ನಂಬಿಬಿಟ್ಟಳು. ಹಿಂದೆ ನಿಂತಿದ್ದ ನೀಲಮ್ಮ ಬಾಗಿ, “ಯಕ್ಕಾ, ಬಡಿಯೂದು ಕಲಿಸಿದಿ, ಒತ್ತಾಯ ಮಾಡೂದು ಕಲಿಸಲಿಲ್ಲೇನು?” ಎಂದು ಕಿಸಕ್ಕನೆ ನಕ್ಕಳು.

“ಹ್ಯಾಂಗ ಕಲಿಸಲಿ? ಗವಸು ಹಾಕ್ಕೊಂಡು ಬಡಿಯಾಕತ್ತಾಗ ನನ್ನ ಮುಂದ ಉಣ್ಣಾಕ ಯಾರರ ಕುಂತಿದ್ರೇನು?”

ಈ ಮಾತು ಸುಜಾತಾಳ ಕಿವಿಗೆ ಬಿತ್ತು. ಮರುದಿನವೇ ಗವಸು ತಂದಳು. ಈಗ ದಿನಾ ನೀಲಮ್ಮ ತಾಟು ಹಿಡಿದು ಕೂರುತ್ತಾಳೆ, ‘ಸಾಕು’ ಎನ್ನುತ್ತಾಳೆ. ನಾನು ಕೈ ಸರಿಸಿ ಬಿಸಿ ಬಿಸಿ ಹಾಕುತ್ತೇನೆ. ಯಂತ್ರ ನೋಡಿ ಕಲಿಯುತ್ತದೆ. ಅದು ಇನ್ನೂ ಕಲಿತಿಲ್ಲ, ನೀಲಮ್ಮ ಮಾತ್ರ ದಪ್ಪಗಾಗಿದ್ದಾಳೆ. “ಇನ್ನೊಂದು ಹಾಕು” ಎಂದು ಬಾಯಿಬಿಟ್ಟು ಕೇಳುವುದನ್ನು ನಾನು ಕಲಿತಿದ್ದರೆ ಇವರಿಗೆ ಇಷ್ಟು ಸಂಶೋಧನೆಯೇ ಬೇಕಿರಲಿಲ್ಲ. ಆದರೆ ಕಬ್ಬಿಣವಾದರೂ ಬಾಗುತ್ತದೆ, ನಾನು ಬಾಗುವವಳಲ್ಲ.